ಬಾಚಣಿಗೆ ಹಿಡಿದ ಕೈಯಲ್ಲಿ ಬಳಪ

1957ರ ಜನವರಿ 7. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಜಾನ್ಸ್ ದ್ವೀಪದಲ್ಲಿ ಒಂದು ಸಹಕಾರಿ ಅಂಗಡಿ. ಮುಂದುಗಡೆ ದಿನಸಿ ಸಾಮಾನು, ಹಿಂದಿನ ಕೋಣೆಯಲ್ಲಿ ರಾತ್ರಿಶಾಲೆ. ಬಿಳಿಯರ ಕಣ್ಣಿಗೆ ಬೀಳದಿರಲೆಂದೇ ಈ ಏರ್ಪಾಡು. ಕಲಿಯಲು ಬಂದವರು 14 ಮಂದಿ ವಯಸ್ಕರು, ಎಲ್ಲರೂ ಕಪ್ಪು ಜನಾಂಗದವರು. ಪಾಠ ಹೇಳಲು ನಿಂತಾಕೆ ಬರ್ನಿಸ್ ರಾಬಿನ್‌ಸನ್. ಆಕೆ ಶಿಕ್ಷಕಿಯಲ್ಲ, ಪಕ್ಕದ ಚಾರ್ಲ್‌ಸ್ಟನ್ ನಗರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದವಳು.

ನಿಮಗೆ ಏನು ಕಲಿಯಬೇಕಾಗಿದೆ ಎಂದು ಆಕೆ ಮೊದಲು ಅವರನ್ನೇ ಕೇಳಿದಳು. ಹೆಸರು ಬರೆಯಲು ಕಲಿಸಿ ಎಂದರು ಕೆಲವರು. ಮನಿಯಾರ್ಡರ್ ಫಾರಂ ತುಂಬುವುದು ಕೆಲವರ ಆಸೆ. ಎಲ್ಲಕ್ಕಿಂತ ಮಿಗಿಲಾಗಿ ಮತದಾರರ ಪಟ್ಟಿಗೆ ಸೇರಬೇಕಿತ್ತು. ಅದಕ್ಕೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಅಧಿಕಾರಿಯ ಮುಂದೆ ಓದಿ ತೋರಿಸಬೇಕಾಗಿತ್ತು. ಓದು ಬಾರದವರನ್ನು, ಅಂದರೆ ಹೆಚ್ಚಾಗಿ ಕಪ್ಪು ಜನರನ್ನು, ಮತಪೆಟ್ಟಿಗೆಯಿಂದ ದೂರವಿಡಲು ಹೂಡಿದ ಉಪಾಯವದು.

ಇಂಥ ಶಾಲೆಗೆ ಬ್ಯೂಟಿಷಿಯನ್ನೇ ಏಕೆ ಬೇಕಾಯಿತು? ಕಪ್ಪು ಜನರಲ್ಲಿ ಶಿಕ್ಷಕ, ಶಿಕ್ಷಕಿಯರಿಗೇನೂ ಕೊರತೆಯಿರಲಿಲ್ಲ. ಬರ್ನಿಸ್‌ಳ ಬಂಧು ಸೆಪ್ಟಿಮಾ ಕ್ಲಾರ್ಕ್ ಅನುಭವಿ ಶಿಕ್ಷಕಿ. ಆದರೆ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಗೆ ಸರ್ಕಾರಿ ನೌಕರರು ಸದಸ್ಯರಾಗಬಾರದೆಂದು ದಕ್ಷಿಣ ಕೆರೊಲಿನಾ 1956ರಲ್ಲಿ ಕಾನೂನು ಮಾಡಿತು. ಸದಸ್ಯತ್ವ ಬಿಡಲೊಪ್ಪದ ಸೆಪ್ಟಿಮಾ ಕೆಲಸ ಕಳೆದುಕೊಂಡಳು. ಬ್ಯೂಟಿಷಿಯನ್‌ಗೆ ಆ ಭಯವಿಲ್ಲ. ಅಂಗಡಿ ಅವಳದು, ಗಿರಾಕಿಗಳು ಅವಳ ಜನ. ಅವಳ ಅನ್ನಕ್ಕೆ ಕಲ್ಲು ಹಾಕುವ ಬಿಳಿಯ ಯಜಮಾನನೇ ಇರಲಿಲ್ಲ.

ಈ ಸ್ವಾತಂತ್ರ್ಯ ಒಂದು ದಿನದಲ್ಲಿ ಬಂದದ್ದಲ್ಲ. ಅದರ ಬೇರು ಹುಡುಕಿದರೆ ಅರ್ಧ ಶತಮಾನ ಹಿಂದಕ್ಕೆ, ಒಬ್ಬ ಅಗಸಗಿತ್ತಿಯ ಬಳಿಗೆ ಹೋಗಬೇಕಾಗುತ್ತದೆ.

ಸಾರಾ ಬ್ರೀಡ್‌ಲವ್ ಹುಟ್ಟಿದ್ದು 1867ರಲ್ಲಿ, ಲೂಸಿಯಾನಾದ ಹತ್ತಿ ತೋಟವೊಂದರಲ್ಲಿ. ತಂದೆತಾಯಿ ಗುಲಾಮರಾಗಿದ್ದವರು, ಆ ಮನೆಯಲ್ಲಿ ಸ್ವತಂತ್ರವಾಗಿ ಹುಟ್ಟಿದ ಮೊದಲ ಮಗು ಈಕೆ. ಏಳು ವರ್ಷಕ್ಕೆ ತಬ್ಬಲಿ, ಹದಿನಾಲ್ಕಕ್ಕೆ ಮದುವೆ, ಇಪ್ಪತ್ತಕ್ಕೆ ವಿಧವೆ. ಪುಟ್ಟ ಮಗಳನ್ನು ಕಟ್ಟಿಕೊಂಡು ಸೇಂಟ್ ಲೂಯಿಸ್‌ಗೆ ಬಂದು ವರ್ಷಗಟ್ಟಲೆ ಊರವರ ಬಟ್ಟೆ ಒಗೆದಳು. ಅಷ್ಟರಲ್ಲಿ ತಲೆಗೂದಲು ಉದುರತೊಡಗಿತು. ಮನೆಯೊಳಗೆ ನಲ್ಲಿಯಿಲ್ಲದ ಬಡವರಿಗೆ ತಲೆಗೆ ನೀರು ಹಾಕಿಕೊಳ್ಳುವುದೂ ಅಪರೂಪವಾಗಿದ್ದ ಕಾಲ; ನೆತ್ತಿಯ ಕಾಯಿಲೆಗಳು ಸಾಮಾನ್ಯವಾಗಿದ್ದವು. ಸಾರಾ ಮೊದಲು ಆನಿ ಟರ್ನ್‌ಬೋ ಎಂಬ ಕಪ್ಪು ಮಹಿಳೆ ತಯಾರಿಸುತ್ತಿದ್ದ ಕೇಶೌಷಧಿಯನ್ನು ಮಾರಿದಳು. ಆಮೇಲೆ ಡೆನ್ವರ್‌ಗೆ ಹೋಗಿ, 1906ರಲ್ಲಿ ಚಾರ್ಲ್ಸ್ ವಾಕರ್‌ನನ್ನು ಮದುವೆಯಾಗಿ, ತನ್ನದೇ ಮುಲಾಮು ತಯಾರಿಸಿ, ‘ಮೇಡಂ ಸಿ.ಜೆ. ವಾಕರ್’ ಎಂಬ ಹೆಸರಿನಲ್ಲಿ ವ್ಯಾಪಾರಕ್ಕಿಳಿದಳು.

ಕೂದಲು ನೇರಮಾಡುವ ಬಿಸಿ ಬಾಚಣಿಗೆಯನ್ನು ಕಂಡುಹಿಡಿದವಳು ಇವಳೇ ಎಂದು ಈಗಲೂ ಅನೇಕರು ಬರೆಯುತ್ತಾರೆ. ಅದು ಸರಿಯಲ್ಲ, ಅಂಥ ಬಾಚಣಿಗೆ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು. ವಾಕರ್ ಮಾಡಿದ್ದು ಬೇರೆಯೇ ಕೆಲಸ, ಬಹುಶಃ ಅದಕ್ಕಿಂತ ದೊಡ್ಡದು. ಅಡಿಗೆಮನೆಯ ಒಲೆಯ ಪಕ್ಕದಲ್ಲಿ ಬಿಡುವಿದ್ದಾಗ ನಡೆಯುತ್ತಿದ್ದ ಕೆಲಸವನ್ನು ಆಕೆ ಕಲಿತು ಮಾಡುವ ವೃತ್ತಿಯಾಗಿಸಿದಳು. 1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಗಳ ಹೆಸರಿನ ಲೀಲಿಯಾ ಕಾಲೇಜು ಆರಂಭವಾಯಿತು. ಕೂದಲು ತೊಳೆಯುವ ಕ್ರಮ, ನೆತ್ತಿಯ ಆರೈಕೆ, ಶುಚಿತ್ವ ಎಲ್ಲಕ್ಕೂ ಅಲ್ಲಿ ಪಾಠವಿತ್ತು. ಬಿಳಿ ರವಿಕೆ, ನೀಳವಾದ ಕಪ್ಪು ಲಂಗ ಆಕೆಯ ಏಜೆಂಟರ ಗುರುತಾಯಿತು. ಕೂದಲು ನೇರಮಾಡುವವಳು ಎಂದು ಕರೆದರೆ ವಾಕರ್‌ಗೆ ಸಿಟ್ಟು ಬರುತ್ತಿತ್ತು. ತನ್ನದು ಕೇಶಸಂವರ್ಧನೆ ಎನ್ನುತ್ತಿದ್ದಳು.

ಈ ಗೌರವ ಸುಲಭವಾಗಿ ಸಿಗಲಿಲ್ಲ. 1912ರಲ್ಲಿ ಶಿಕಾಗೋದಲ್ಲಿ ಕಪ್ಪು ವ್ಯಾಪಾರಿಗಳ ರಾಷ್ಟ್ರೀಯ ಸಮ್ಮೇಳನ. ಅಧ್ಯಕ್ಷತೆ ಬುಕರ್ ಟಿ. ವಾಷಿಂಗ್ಟನ್‌ರದು. ಕೂದಲಿನ ವ್ಯಾಪಾರವನ್ನು ಬಿಳಿಯರ ಅನುಕರಣೆಯೆಂದು ಕಾಣುತ್ತಿದ್ದ ಅವರು ಆಕೆಗೆ ಮಾತಿನ ಅವಕಾಶ ಕೊಡಲಿಲ್ಲ. ಕೊನೆಗೆ ವಾಕರ್ ತಾನೇ ಎದ್ದು ನಿಂತು, ಹತ್ತಿ ಹೊಲದಿಂದ ಒಗೆಯುವ ತೊಟ್ಟಿಗೆ, ಅಲ್ಲಿಂದ ಅಡಿಗೆಮನೆಗೆ, ಅಲ್ಲಿಂದ ಸ್ವಂತ ಕಾರ್ಖಾನೆಗೆ ಬಂದ ದಾರಿಯನ್ನು ಹೇಳಿಬಿಟ್ಟಳು. ಮರುವರ್ಷ ಅದೇ ಸಮ್ಮೇಳನಕ್ಕೆ ಆಕೆ ಆಹ್ವಾನಿತ ಭಾಷಣಕಾರ್ತಿ. ಅನುಕರಣೆಯ ಆಕ್ಷೇಪ ಮಾತ್ರ ಅಷ್ಟಕ್ಕೇ ಮುಗಿಯಲಿಲ್ಲ. ಅದರಲ್ಲಿ ಹುರುಳಿಲ್ಲದೆಯೂ ಇರಲಿಲ್ಲ. ಆದರೆ ದಿನವಿಡೀ ಬಟ್ಟೆ ಒಗೆದರೆ ಒಂದೂವರೆ ಡಾಲರ್ ಕೂಡ ಕಷ್ಟವಾಗಿದ್ದ ಹೆಂಗಸರಿಗೆ ಬೇರೆ ದಾರಿ ಯಾವುದಿತ್ತು ಎಂಬುದನ್ನೂ ನೋಡಬೇಕು.

1917ರಲ್ಲಿ ಫಿಲಡೆಲ್ಫಿಯಾದಲ್ಲಿ ವಾಕರ್ ಏಜೆಂಟರ ಸಮಾವೇಶ ಸೇರಿತು. ಹೆಚ್ಚು ಮಾರಿದವರಿಗೆ ಮಾತ್ರವಲ್ಲ, ಹೆಚ್ಚು ದಾನ ಮಾಡಿದವರಿಗೂ ಬಹುಮಾನ. ಕಪ್ಪು ಜನರ ಮೇಲೆ ನಡೆಯುತ್ತಿದ್ದ ಗುಂಪುಹತ್ಯೆಗಳನ್ನು ತಡೆಯಬೇಕೆಂದು ಅಧ್ಯಕ್ಷ ವಿಲ್ಸನ್‌ಗೆ ಅಲ್ಲಿಂದಲೇ ತಂತಿ ಹೋಯಿತು. 1919ರಲ್ಲಿ ವಾಕರ್ ತೀರಿಕೊಂಡಾಗ ಬ್ಯೂಟಿಷಿಯನ್ನರು ಸಂಘಟಿತರಾಗಿ ಮಾತನಾಡುವುದನ್ನು ಕಲಿತಾಗಿತ್ತು.

ಮುಂದಿನ ಎರಡು ದಶಕಗಳಲ್ಲಿ ರಾಜ್ಯಗಳು ಒಂದೊಂದಾಗಿ ಕಾನೂನು ತಂದವು: ಇಷ್ಟು ಗಂಟೆ ತರಬೇತಿ, ಪರೀಕ್ಷೆ, ಲೈಸೆನ್ಸ್, ಅಂಗಡಿಯ ತಪಾಸಣೆ. ಶುಲ್ಕ ಕಟ್ಟಲಾಗದೆ ಮನೆಯಲ್ಲೇ ಕೆಲಸ ಮಾಡುತ್ತಿದ್ದವರಿಗೆ ಇದು ಹೊರೆ. ಜೊತೆಗೆ ಬಿಳಿಯರ ತರಬೇತಿ ಶಾಲೆಗಳು ಕಪ್ಪು ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದ್ದವು. ಹಾಗಿದ್ದೂ ಮಾರ್ಜೊರಿ ಜಾಯ್ನರ್‌ರಂಥವರು ಲೈಸೆನ್ಸನ್ನು ವಿರೋಧಿಸದೆ ಅದನ್ನು ತಮ್ಮದಾಗಿಸಿಕೊಂಡರು. ಶಿಕಾಗೋದ ಸೌಂದರ್ಯ ಶಾಲೆಯೊಂದರಿಂದ 1916ರಲ್ಲಿ ತೇರ್ಗಡೆಯಾದ ಜಾಯ್ನರ್, ಇಲಿನಾಯ್ ರಾಜ್ಯದ ಸೌಂದರ್ಯವೃತ್ತಿ ಕಾನೂನಿನ ರಚನೆಯಲ್ಲೇ ಪಾಲ್ಗೊಂಡರು. ಮಾಂಸ ಬೇಯಿಸುವಾಗ ಚುಚ್ಚುವ ಕಂಬಿಗಳನ್ನು ನೋಡಿ ಆಕೆಗೆ ಹೊಳೆದದ್ದು ಕೂದಲಿಗೆ ಅಲೆಯ ರೂಪ ಕೊಡುವ ಯಂತ್ರ. 1928ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಹಕ್ಕು ಮಾತ್ರ ವಾಕರ್ ಕಂಪನಿಯ ಪಾಲಾಯಿತು! 1945ರಲ್ಲಿ ಆಕೆ, ಶಿಕ್ಷಣತಜ್ಞೆ ಮೇರಿ ಮೆಕ್ಲಿಯಡ್ ಬೆಥೂನ್ ಜೊತೆ ಸೇರಿ, ಸೌಂದರ್ಯ ಶಾಲೆಗಳ ಮಾಲೀಕರ ಹಾಗೂ ಶಿಕ್ಷಕರ ಸಂಘ ಕಟ್ಟಿದರು.

ಹೀಗೆ ತರಬೇತಿ, ಸಂಘ, ಸ್ವಂತ ಅಂಗಡಿ ಕೂಡಿ ಬಂದ ಮೇಲೆಯೇ ಬರ್ನಿಸ್ ರಾಬಿನ್‌ಸನ್‌ಳಂಥವರು ಸಾಧ್ಯವಾದದ್ದು. ಬ್ಯೂಟಿ ಪಾರ್ಲರ್‌ನೊಳಗೆ ಬಿಳಿಯರ ಕಿವಿಯಿರಲಿಲ್ಲ. ಗಂಟೆಗಟ್ಟಲೆ ಕೂರುವ ಗಿರಾಕಿಗಳ ನಡುವೆ ಸುದ್ದಿ, ಸಂಕಷ್ಟ, ಕರಪತ್ರ ಎಲ್ಲವೂ ಓಡಾಡುತ್ತಿದ್ದವು. ಡ್ರೈಯರ್ ಕೆಳಗೆ ಗಿರಾಕಿಯನ್ನು ಕೂರಿಸಿ, ಮತ್ತೊಬ್ಬರನ್ನು ಮತದಾರರ ನೋಂದಣಿ ಕಚೇರಿಗೆ ಕರೆದೊಯ್ದು ಬರುವುದು ಬರ್ನಿಸ್‌ಗೆ ರೂಢಿಯಾಗಿತ್ತು.

ಜಾನ್ಸ್ ದ್ವೀಪದ ರಾತ್ರಿಶಾಲೆಯಲ್ಲಿ ಕರಿಹಲಗೆಯ ಮೇಲಿದ್ದ ಹಲವು ಹೆಸರುಗಳ ನಡುವೆ ತನ್ನದನ್ನು 65 ವರ್ಷದ ಮುದುಕಿಯೊಬ್ಬಳು ಗುರುತಿಸಿದಾಗ ಬರ್ನಿಸ್‌ಗೆ ಮೈ ಜುಮ್ಮೆಂದಿತಂತೆ. ಅದೇ ಮಾದರಿಯ ಪೌರತ್ವ ಶಾಲೆಗಳು ದಕ್ಷಿಣದ ರಾಜ್ಯಗಳಲ್ಲೆಲ್ಲ ಹರಡಿದವು. 1961ರಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ರ ಸಂಘಟನೆ ಅವುಗಳ ಹೊಣೆ ಹೊತ್ತಿತು. 1965ರ ಮತದಾನ ಹಕ್ಕು ಕಾಯ್ದೆ ದಕ್ಷಿಣದಲ್ಲಿ ಓದುವ ಪರೀಕ್ಷೆಯನ್ನು ತೆಗೆದುಹಾಕಿತು. ಏಳು ವರ್ಷಗಳ ನಂತರ ಬರ್ನಿಸ್ ದಕ್ಷಿಣ ಕೆರೊಲಿನಾ ಶಾಸನಸಭೆಗೆ ಸ್ಪರ್ಧಿಸಿದಳು. ಗೆಲ್ಲಲಿಲ್ಲ.