ಅಂಗಮರ್ದನ ವೃತ್ತಿಯ ನೀತಿಸಂಹಿತೆ: ಲಂಡನ್ನಿನ 1894ರ ಪ್ರಸಂಗ

ರೋಗಿಯ ದೇಹವನ್ನು ಮುಟ್ಟುವ ವೃತ್ತಿಗೆ ಎಲ್ಲೆಗಳಿರಬೇಕೆಂಬ ಅರಿವು ಬಹು ಪ್ರಾಚೀನವಾದುದು. ಪತಿಯ ಅಥವಾ ಪೋಷಕನ ಅನುಮತಿಯಿಲ್ಲದೆ ಸ್ತ್ರೀಯರು ಕೊಟ್ಟುದನ್ನು ಸ್ವೀಕರಿಸಲಾಗದು, ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಆಡಲಾಗದು ಎಂದು ಚರಕಸಂಹಿತೆಯ ವಿಮಾನಸ್ಥಾನವು ವೈದ್ಯವಿದ್ಯಾರ್ಥಿಗೆ ವಿಧಿಸುತ್ತದೆ. ಅಲ್ಲಿ ಕಟ್ಟುಪಾಡು ಗುರುವಿನಿಂದ ಬರುತ್ತದೆ. ವೃತ್ತಿನಿರತರೇ ಒಂದುಗೂಡಿ ತಮಗೆ ತಾವೇ ಎಲ್ಲೆ ಹಾಕಿಕೊಂಡ ಆಧುನಿಕ ನಿದರ್ಶನವೊಂದು ಲಂಡನ್ನಿನ ಇತಿಹಾಸದಲ್ಲಿ ದೊರೆಯುತ್ತದೆ.

ಅಮೆರಿಕದ ವೈದ್ಯ ಸೈಲಸ್ ವಿಯರ್ ಮಿಚೆಲ್ 1870ರ ದಶಕದಲ್ಲಿ ಪ್ರಚುರಪಡಿಸಿದ ವಿಶ್ರಾಂತಿ ಚಿಕಿತ್ಸೆಯಲ್ಲಿ ಅಂಗಮರ್ದನಕ್ಕೆ ಮುಖ್ಯ ಸ್ಥಾನವಿದ್ದಿತು. ಈ ಪದ್ಧತಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದಂತೆ ಮರ್ದನ ಬಲ್ಲ ದಾದಿಯರಿಗೆ ಬೇಡಿಕೆ ಹೆಚ್ಚಿತು. ಆದರೆ ಅವರ ಅರ್ಹತೆಯನ್ನು ಗೊತ್ತುಪಡಿಸುವ ವ್ಯವಸ್ಥೆ ಇರಲಿಲ್ಲ. 1894ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್, ಮಸಾಜ್ ಹೆಸರಿನಲ್ಲಿ ಅನೈತಿಕ ವ್ಯವಹಾರ ನಡೆಸುವ ಗೃಹಗಳ ವಿಷಯವನ್ನು ಬಯಲಿಗೆಳೆಯಿತು. ಕಳಂಕವು ಪ್ರಾಮಾಣಿಕವಾಗಿ ದುಡಿಯುತ್ತಿದ್ದ ಸ್ತ್ರೀಯರಿಗೂ ತಟ್ಟಿತು. ಅವರ ಜೀವನೋಪಾಯ, ಮಾನ ಎರಡೂ ಅಪಾಯಕ್ಕೆ ಸಿಲುಕಿದವು.

ಈ ಹಿನ್ನೆಲೆಯಲ್ಲಿ ಲೂಸಿ ರಾಬಿನ್ಸನ್, ರೋಸಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಅದೇ ವರ್ಷ ತರಬೇತಾದ ಅಂಗಮರ್ದಕಿಯರ ಸಂಘವನ್ನು ಕಟ್ಟಿದರು. ಪರೀಕ್ಷೆಯ ಜೊತೆಗೆ ಕಟ್ಟುನಿಟ್ಟಾದ ನಿಯಮಗಳೂ ಜಾರಿಗೆ ಬಂದವು. ವೈದ್ಯರ ನಿರ್ದೇಶನವಿಲ್ಲದೆ ಮರ್ದನ ಮಾಡಕೂಡದು. ವೈದ್ಯರು ವಿಶೇಷವಾಗಿ ಕೋರಿದ ತುರ್ತು ಸಂದರ್ಭಗಳ ಹೊರತು ಪುರುಷರಿಗೆ ಸರ್ವಾಂಗ ಮರ್ದನ ಮಾಡಕೂಡದು. ವೃತ್ತಿಪತ್ರಿಕೆಗಳಲ್ಲಲ್ಲದೆ ಬೇರೆಡೆ ಜಾಹೀರಾತು ನೀಡಕೂಡದು. ರೋಗಿಗಳಿಗೆ ಔಷಧ ಮಾರಕೂಡದು.

ಇವುಗಳಲ್ಲಿ ಪುರುಷರನ್ನು ಕುರಿತ ನಿಯಮವು ಮೊದಲ ಮಹಾಯುದ್ಧದ ಒತ್ತಡವನ್ನು ತಾಳಲಾರದಾಯಿತು. 1914ರಲ್ಲಿ ರಚಿತವಾದ ಆಲ್ಮೆರಿಕ್ ಪ್ಯಾಜೆಟ್ ಮಸಾಜ್ ದಳದ ಸ್ತ್ರೀಯರು ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ನೀಡಿದರು. ಇದರಿಂದ ವೃತ್ತಿಯ ಗೌರವ ಕುಂದಲಿಲ್ಲ; 1920ರಲ್ಲಿ ಸಂಘಕ್ಕೆ ರಾಜಸನ್ನದು ದೊರೆಯಿತು. ಮುಂದೆ ಅದೇ ಸಂಸ್ಥೆ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ ಎಂಬ ಹೆಸರನ್ನು ತಳೆಯಿತು. ವೈದ್ಯರ ನಿರ್ದೇಶನದ ನಿಯಮ ಮಾತ್ರ ದೀರ್ಘಕಾಲ ಉಳಿದು, 1970ರ ದಶಕದಲ್ಲಷ್ಟೇ ಸಡಿಲಗೊಂಡಿತು. ಕಳಂಕದಿಂದ ಪಾರಾಗಲು ಆ ಸ್ತ್ರೀಯರು ತೆತ್ತ ಬೆಲೆ ತಮ್ಮ ವೃತ್ತಿಸ್ವಾತಂತ್ರ್ಯವೇ ಆಗಿತ್ತು.

ಹೀಗೆ ಕಾಲದ ಅಗತ್ಯಕ್ಕೆ ತಕ್ಕಂತೆ ನಿಯಮಗಳ ರೂಪ ಬದಲಾಯಿತು. ಆದರೆ ಅವುಗಳ ಮೂಲತತ್ತ್ವ ಅಳಿಯಲಿಲ್ಲ. ಚಿಕಿತ್ಸೆಗಾಗಿ ಬಂದವರು ತಮ್ಮ ದೇಹವನ್ನು ನಂಬಿಕೆಯಿಂದ ಇನ್ನೊಬ್ಬರ ಕೈಗೊಪ್ಪಿಸುತ್ತಾರೆ. ಆ ನಂಬಿಕೆಗೆ ವ್ಯಕ್ತಿಯ ಸಚ್ಚಾರಿತ್ರ್ಯವೊಂದೇ ಆಧಾರವಾಗಲಾರದು, ಸಾರ್ವಜನಿಕವಾಗಿ ಘೋಷಿಸಿ ಪಾಲಿಸುವ ಕಟ್ಟುಪಾಡೂ ಬೇಕು ಎಂಬುದನ್ನು ಈ ನಾಲ್ವರು ಸ್ತ್ರೀಯರ ಪ್ರಯತ್ನ ಸ್ಪಷ್ಟಪಡಿಸುತ್ತದೆ.