ಯುಎಸ್‌ಬಿ ಟೈಪ್-ಸಿ: ಕಿಂಡಿ ಒಂದೇ, ಕೇಬಲ್ ಹಲವು

ವಿದ್ಯುನ್ಮಾನ ಸಾಧನಗಳಿಗೆ ವಿದ್ಯುತ್ ಮತ್ತು ದತ್ತಾಂಶ ಎರಡನ್ನೂ ಒಂದೇ ಕಿಂಡಿಯ ಮೂಲಕ ಸಾಗಿಸುವ ಸಂಪರ್ಕ ಮಾನದಂಡವೇ ಯುಎಸ್‌ಬಿ ಟೈಪ್-ಸಿ. ಇದು 2014ರ ಆಗಸ್ಟ್‌ನಲ್ಲಿ ಅಂತಿಮಗೊಂಡಿತು.

ಯುಎಸ್‌ಬಿಯ ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಅದನ್ನು ರೂಪಿಸಿದ ಇಂಟೆಲ್ ತಂಡದ ಪ್ರಮುಖರಲ್ಲಿ ಬರೋಡಾದಲ್ಲಿ ಓದಿದ ಅಜಯ್ ಭಟ್ ಒಬ್ಬರು. ಆಗಿನ ಚಪ್ಪಟೆ ಪ್ಲಗ್ಗನ್ನು ತಿರುಗಿಸಿ ಮುರುಗಿಸಿ ಚುಚ್ಚುವ ಗೋಳು ಎಲ್ಲರಿಗೂ ಪರಿಚಿತವೇ. ಎರಡೂ ಬದಿಗೆ ಹೊಂದುವಂತೆ ಮಾಡಿದ್ದರೆ ತಂತಿಗಳು ಹೆಚ್ಚಿ ವೆಚ್ಚ ಏರುತ್ತಿತ್ತೆಂದು ಭಟ್ ಮುಂದೆ ವಿವರಿಸಿದ್ದಾರೆ. ಟೈಪ್-ಸಿಯಲ್ಲಿ 24 ಪಿನ್ನುಗಳು ಎರಡು ಸಾಲುಗಳಲ್ಲಿದ್ದು, ಪ್ಲಗ್ಗನ್ನು ಹೇಗೆ ಹಿಡಿದರೂ ಹೊಂದುತ್ತದೆ.

ಮಾನದಂಡ ಸಿದ್ಧವಾದ ಮಾತ್ರಕ್ಕೆ ಎಲ್ಲ ತಯಾರಕರೂ ಒಪ್ಪಲಿಲ್ಲ. ಆಪಲ್ 2015ರಲ್ಲೇ ತನ್ನ ಮ್ಯಾಕ್‌ಬುಕ್‌ಗೆ ಟೈಪ್-ಸಿ ಅಳವಡಿಸಿದರೂ ಐಫೋನ್‌ನಲ್ಲಿ ಸ್ವಂತ ಲೈಟ್ನಿಂಗ್ ಕಿಂಡಿಯನ್ನೇ ಉಳಿಸಿಕೊಂಡಿತು. ಚಾರ್ಜರ್‌ಗಳಿಂದ ವರ್ಷಕ್ಕೆ ಸುಮಾರು 11,000 ಟನ್ ಇ-ತ್ಯಾಜ್ಯ ಉಂಟಾಗುತ್ತಿದೆಯೆಂದು ಅಂದಾಜಿಸಿದ ಐರೋಪ್ಯ ಒಕ್ಕೂಟ 2022ರಲ್ಲಿ ಕಾನೂನನ್ನೇ ತಂದಿತು. ಐಫೋನ್ 2023ರಲ್ಲಿ ಮಣಿಯಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರಾಟವಾಗುವ ಹೊಸ ಮೊಬೈಲ್, ಟ್ಯಾಬ್ಲೆಟ್, ಕ್ಯಾಮೆರಾಗಳಿಗೆ ಟೈಪ್-ಸಿ ಕಡ್ಡಾಯವಾಯಿತು; ಲ್ಯಾಪ್‌ಟಾಪ್‌ಗಳಿಗೆ ನಿಗದಿಯಾದ ದಿನ 2026ರ ಏಪ್ರಿಲ್ 28. ಭಾರತದಲ್ಲಿ ಟೈಪ್-ಸಿಗೆ ಸಂಬಂಧಿಸಿದ ಮಾನಕವನ್ನು ಭಾರತೀಯ ಮಾನಕ ಬ್ಯೂರೋ 2023ರ ಜನವರಿಯಲ್ಲಿ ಪ್ರಕಟಿಸಿತು.

ಇಷ್ಟಾದರೂ ತೊಡಕು ನೀಗಿಲ್ಲ. ಏಕೆಂದರೆ ಟೈಪ್-ಸಿ ಎಂಬುದು ಕಿಂಡಿಯ ಆಕಾರದ ಹೆಸರೇ ಹೊರತು ಕೇಬಲ್‌ನ ಸಾಮರ್ಥ್ಯದ ಹೆಸರಲ್ಲ. ನೋಡಲು ತದ್ರೂಪವಾದ ಎರಡು ಕೇಬಲ್‌ಗಳಲ್ಲಿ ಒಂದು ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸಿದರೆ ಇನ್ನೊಂದು 40 ಗಿಗಾಬಿಟ್ ಸಾಗಿಸಬಲ್ಲದು. ಸಾಮಾನ್ಯ ಕೇಬಲ್ 3 ಆಂಪಿಯರ್ ತಾಳುತ್ತದೆ. 5 ಆಂಪಿಯರ್ ಹರಿಯಬೇಕಾದರೆ ಕೇಬಲ್ಲಿನೊಳಗೆ ಅದರ ಗುರುತು ತಿಳಿಸುವ ಪುಟ್ಟ ಚಿಪ್ ಇರಬೇಕು. ಚಾರ್ಜರ್ ಮತ್ತು ಸಾಧನ ಪರಸ್ಪರ ಸಂಕೇತ ವಿನಿಮಯ ಮಾಡಿಕೊಂಡು, ಕೇಬಲ್ ತಾಳುವಷ್ಟನ್ನು ನೋಡಿಕೊಂಡೇ ವಿದ್ಯುತ್ ನಿಗದಿಪಡಿಸುತ್ತವೆ. 2021ರ ಪರಿಷ್ಕರಣೆಯ ಬಳಿಕ ಈ ಮಿತಿ 100ರಿಂದ 240 ವಾಟ್‌ಗೆ ಏರಿದೆ. ಆರಂಭದ ವರ್ಷಗಳಲ್ಲಿ ತಪ್ಪು ರೆಸಿಸ್ಟರ್ ಅಳವಡಿಸಿದ ಅಗ್ಗದ ಕೇಬಲ್‌ಗಳು ಮಾರುಕಟ್ಟೆಗೆ ಬಂದಿದ್ದವು. ಅವು ಹಳೆಯ ಚಾರ್ಜರ್‌ನಿಂದ ಅದರ ಶಕ್ತಿಮೀರಿ ವಿದ್ಯುತ್ ಎಳೆದು ಉಪಕರಣ ಕೆಡಿಸುವ ಅಪಾಯವಿತ್ತು.

ಪ್ರಮಾಣೀಕೃತ ಕೇಬಲ್‌ಗಳ ಮೇಲೆ 60 ಇಲ್ಲವೇ 240 ವಾಟ್ ಎಂದು ನಮೂದಿಸುವ ಗುರುತುಗಳನ್ನು 2021ರಲ್ಲಿ ಪ್ರಕಟಿಸಲಾಯಿತು. ಲ್ಯಾಪ್‌ಟಾಪ್‌ಗೆಂದು ಕೇಬಲ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಆ ಗುರುತನ್ನೇ.