ಹೊಲದ ಹೆಸರು, ಬೇಲಿಯ ಕಲ್ಲು

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಸುಮಾರು ಕ್ರಿ.ಶ. 450ರ ಈ ಕಲ್ಲು ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು. ಯುದ್ಧದಲ್ಲಿ ಗೆದ್ದ ವಿಜ ಅರಸ ಎಂಬ ವೀರನಿಗೆ ಪಲ್ಮಡಿ, ಮೂಳಿವಳ್ಳಿ ಎಂಬ ಎರಡು ಹಳ್ಳಿ ಕೊಟ್ಟ ವಿಷಯ ಅದರಲ್ಲಿದೆ. ಆ ಪಲ್ಮಡಿಯೇ ಇಂದಿನ ಹಲ್ಮಿಡಿ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಊರಿನ ಹೆಸರೂ ಬದಲಾಯಿತು. ಆದರೆ ಜನರ ಬಾಯಿಂದ ಅಳಿಯಲಿಲ್ಲ.

ಬಿ.ಎಲ್. ರೈಸ್ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ತಾಲ್ಲೂಕುವಾರು ಬರೆಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಅದರಲ್ಲಿ ಹಲ್ಮಿಡಿ ಕಲ್ಲು ಇಲ್ಲ. ಅದನ್ನು ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು 1936ರಲ್ಲಿ. ಅಷ್ಟು ದೊಡ್ಡ ಸರ್ವೆಯ ಕಣ್ಣಿಗೂ ಒಂದು ಊರಿನ ಕಲ್ಲು ತಪ್ಪಿತ್ತು.

ಈಗಲೂ ಹೀಗೇ ಆಗುತ್ತದೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಕಿತ್ತಯ್ಯ ಎಂಬ ವೀರ ಹೋರಾಡಿ ಸತ್ತ ನೆನಪಿನ ಕಲ್ಲು, ಸುಮಾರು ಕ್ರಿ.ಶ. 750ರದು. ಅದರಲ್ಲಿರುವ ಪೆರ್ಬೊಳಲ್ ನಾಡು ಎಂಬ ಹೆಸರೇ ಹೆಬ್ಬಾಳವಾಗಿದೆ. ಅಲ್ಲಿನ ಜನ ಗಮನಿಸಿ ಉಳಿಸಿಕೊಳ್ಳದಿದ್ದರೆ ಅದು ಮಣ್ಣಿನ ಜೊತೆ ಲಾರಿ ಹತ್ತುತ್ತಿತ್ತು.

ನಮ್ಮ ಊರುಗಳಲ್ಲೂ ಇಂಥ ಕಲ್ಲುಗಳಿವೆ. ಕೆಲವು ಬಟ್ಟೆ ಒಗೆಯಲು, ಕೆಲವು ಕಾಲುವೆಗೆ ಹಾಸಲು ಬಳಕೆಯಾಗಿವೆ. ಕಲ್ಲಿಗಿಂತ ಬೇಗ ಹೋಗುತ್ತಿರುವುದು ಹೊಲಗಳ ಹೆಸರು. ಪಹಣಿಯಲ್ಲಿ ಸರ್ವೆ ನಂಬರ್ ಇದೆ, 'ಮಾಸ್ತಿಕಲ್ಲ ಹೊಲ' ಎಂಬ ಹೆಸರಿಲ್ಲ. 'ಹಾಳೂರು' ಎಂದರೆ ಅಲ್ಲಿ ಹಿಂದೆ ಊರಿತ್ತು ಎಂದರ್ಥ. 'ಕೊಡಗಿ' ಎಂದರೆ ಕೆರೆ ಕಟ್ಟಿದವರಿಗೆ, ಕಾದವರಿಗೆ ಬಿಟ್ಟ ಭೂಮಿ. ಈ ಹೆಸರು ಗೊತ್ತಿರುವ ಅಜ್ಜ ತೀರಿಕೊಂಡರೆ ಆ ಇತಿಹಾಸ ಹುಡುಕುವ ದಾರಿಯೂ ಮುಚ್ಚಿತು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಹಿರಿಯರೊಬ್ಬರ ಜೊತೆ ಹೊಲ ಸುತ್ತಿ. ಅವರು ಹೇಳುವ ಹೆಸರನ್ನು ತಿದ್ದದೆ ಹಾಗೇ ಬರೆದುಕೊಳ್ಳಿ, ಅವರ ದನಿಯನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ. ಪಕ್ಕದಲ್ಲಿ ಸರ್ವೆ ನಂಬರ್ ಹಾಕಿ. ಕಲ್ಲು ಕಂಡರೆ ಕದಲಿಸಬೇಡಿ, ಬಣ್ಣ ಬಳಿಯಬೇಡಿ, ಉಳಿಯಿಂದ ಕೆರೆಯಬೇಡಿ. ನೀರು ಹಾಕಿ ಮೆಲ್ಲಗೆ ತೊಳೆದು, ಇಳಿ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆದರೆ ಸವೆದ ಅಕ್ಷರವೂ ಕಾಣುತ್ತದೆ. ಪುರಾತತ್ವ ಇಲಾಖೆಗೆ ತಿಳಿಸಿ.

ವೀರಗಲ್ಲಿನ ಮೇಲೆ ಸೂರ್ಯ ಚಂದ್ರರನ್ನು ಕೆತ್ತುತ್ತಿದ್ದರು. ಅವರಿರುವವರೆಗೂ ಸತ್ತವನ ಹೆಸರು ಇರಲಿ ಎಂಬ ಆಸೆ ಅದು. ಕೆತ್ತಿದವರು ತಮ್ಮ ಕೆಲಸ ಮುಗಿಸಿ ಹೋದರು. ಕಾಯುವುದು ಈಗ ಊರಲ್ಲಿರುವ ನಮ್ಮ ಪಾಲಿಗೆ ಬಂದಿದೆ.